ಪೊಲೀಸರ ಕೋವಿಗೂ ಲೆಕ್ಕ ಬೇಕಲ್ಲವೇ?

ಚುನಾವಣೆ ಬಂತೆಂದರೆ ಸಾಕು, ನಮ್ಮ ಕರಾವಳಿಯಲ್ಲಾಗಲಿ, ಬೆಳಗಾವಿ ಕಡೆಯ ಗೋಕಾಕ, ಮೂಡಲಗಿ, ಹುಕ್ಕೇರಿಯಲ್ಲಾಗಲಿ, ಲೈಸೆನ್ಸ್ ಕೋವಿ ಇರುವವರು ಸಾಮಾನ್ಯವಾಗಿ ಅದನ್ನು ಠಾಣೆಗೆ ಒಪ್ಪಿಸಿ ರಶೀದಿ ಪಡೆಯಬೇಕು. ಜನರ ಕೋವಿಗೆ ಇಷ್ಟು ಲೆಕ್ಕ. ಪೊಲೀಸರ ಕೋವಿಗೆ?

ಪಕ್ಕದ ಕೇರಳದಲ್ಲಿ 2020ರ ಫೆಬ್ರವರಿಯಲ್ಲಿ ಈ ಪ್ರಶ್ನೆ ವಿಧಾನಸಭೆಯನ್ನೇ ತಲುಪಿತು. ತಿರುವನಂತಪುರದ ವಿಶೇಷ ಸಶಸ್ತ್ರ ಪೊಲೀಸ್ ಪಡೆಯಲ್ಲಿ 25 ಇನ್ಸಾಸ್ ರೈಫಲ್, 12,061 ಗುಂಡು ಕಡಿಮೆ ಇವೆ ಎಂದಿತು ಸಿಎಜಿ ವರದಿ. 250 ಕಾಟ್ರಿಜ್‌ಗಳ ಜಾಗದಲ್ಲಿ ಡಮ್ಮಿಗಳಿದ್ದವು. ದಾಸ್ತಾನು ಪುಸ್ತಕದಲ್ಲಿ ತಿದ್ದುಪಡಿ, ಬಿಳಿ ಶಾಯಿ! ಆಮೇಲೆ ಕ್ರೈಂ ಬ್ರಾಂಚ್ ಎಣಿಸಿದಾಗ ರೈಫಲ್‌ಗಳ ಲೆಕ್ಕ ಸಿಕ್ಕಿತು; 13 ರೈಫಲ್ ಮಣಿಪುರದ ತುಕಡಿಯ ಬಳಿ ಇದ್ದವಂತೆ. ಅಂದರೆ ಪುಸ್ತಕ ಸರಿ ಇಲ್ಲದಿದ್ದರೆ ಪ್ರಾಮಾಣಿಕ ಸಿಬ್ಬಂದಿಯ ಮೇಲೂ ಕಳ್ಳತನದ ಅನುಮಾನ, ನಿಜವಾದ ಕಳ್ಳನಿಗೆ ಮರೆ.

ಇದು ಬರೀ ಕಾಗದದ ಮಾತಲ್ಲ. 2019ರ ಡಿಸೆಂಬರ್ 19ರಂದು ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ಜೀವ ಕಳಕೊಂಡದ್ದನ್ನು ನಮ್ಮ ಯಾವ ಮನೆಯೂ ಮರೆತಿಲ್ಲ. ಅಂತಹ ಹೊತ್ತಲ್ಲಿ ಯಾರ ಕೈಗೆ ಯಾವ ನಂಬರಿನ ಕೋವಿ ಕೊಟ್ಟರು, ಎಷ್ಟು ಗುಂಡು ಹೋಯಿತು, ಎಷ್ಟು ವಾಪಸ್ ಬಂತು ಎಂದು ಹೇಳಬೇಕಾದ್ದು ಆ ಪುಸ್ತಕವೇ. ಎನ್‌ಕೌಂಟರ್ ಸಾವುಗಳಲ್ಲಿ ಸಂಬಂಧಪಟ್ಟ ಪೊಲೀಸರು ಆಯುಧವನ್ನು ಪರೀಕ್ಷೆಗೆ ಒಪ್ಪಿಸಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ದಾಖಲೆಯೇ ತಿದ್ದಿದ್ದಾದರೆ ಯಾವ ಕೋವಿಯನ್ನು ಪರೀಕ್ಷಿಸುವುದು?

ಹೊರಗಿನವರು ಬಂದು ವರ್ಷಕ್ಕೊಮ್ಮೆಯಾದರೂ ಎಣಿಸಲಿ, ಲೆಕ್ಕ ಜನರ ಮುಂದಿಡಲಿ. ಮಕ್ಕಳನ್ನು ಕಳಕೊಂಡ ಮನೆಯವರು ಕೇಳುವುದೂ ಅಷ್ಟೇ: ಲೆಕ್ಕ ಕೊಡಿ.