ಚಪ್ಪರದ ಕಟ್ಟು, ರೈಬೋಸೋಮಿನ ಕಟ್ಟು

ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ವಿಜ್ಞಾನ ಓದಿದ ಮಗುವಿಗೆ ಪ್ಲಸ್ ಒನ್‌ನಲ್ಲಿ ಜೀವಶಾಸ್ತ್ರ ತಲೆಗೆ ಹತ್ತುತ್ತದೆಯೇ? ಪಣಕಹಳ್ಳಿ, ತಾಳವಾಡಿ ಕಡೆಯ ಪೋಷಕರು ಮೇಷ್ಟ್ರುಗಳನ್ನು ಕೇಳುವ ಪ್ರಶ್ನೆ ಇದು. ಉತ್ತರಕ್ಕಾಗಿ ಕಷ್ಟದ ಪಾಠವೊಂದನ್ನೇ ತೆಗೆದುಕೊಳ್ಳೋಣ: ರೈಬೋಸೋಮಿನೊಳಗೆ ಪ್ರೋಟೀನು ಆರ್‌ಎನ್‌ಎಯನ್ನು ಹಿಡಿದುಕೊಳ್ಳುವುದು ಹೇಗೆ?

ಜೀವಕೋಶದಲ್ಲಿ ಪ್ರೋಟೀನು ತಯಾರಾಗುವ ಜಾಗವೇ ರೈಬೋಸೋಮ್. ಅದಕ್ಕೆ ಚಿಕ್ಕದು, ದೊಡ್ಡದು ಎಂದು ಎರಡು ಭಾಗ. ಬ್ಯಾಕ್ಟೀರಿಯಾದ ಚಿಕ್ಕ ಭಾಗದಲ್ಲಿ ಸುಮಾರು 1,540 ಕೊಂಡಿಗಳ ಒಂದು ಆರ್‌ಎನ್‌ಎ ಎಳೆ, ಅದರ ಜೊತೆ 21 ಪ್ರೋಟೀನುಗಳಿವೆ.

ಆ ಎಳೆಯ ಉದ್ದಕ್ಕೂ ಫಾಸ್ಫೇಟುಗಳಿದ್ದು, ಅವುಗಳಿಗೆ ಋಣ ಆವೇಶವಿದೆ. ಒಂದೇ ಬಗೆಯ ಆವೇಶಗಳು ಒಂದನ್ನೊಂದು ದೂರ ತಳ್ಳುತ್ತವೆ. ಹಾಗಿದ್ದರೆ ಎಳೆ ಒತ್ತಾಗಿ ಮಡಚಿಕೊಂಡು ನಿಲ್ಲುವುದು ಹೇಗೆ? ಮೆಗ್ನೀಸಿಯಂ ಅಯಾನುಗಳು ಒಂದಿಷ್ಟು ನೆರವಾಗುತ್ತವೆ. ಉಳಿದದ್ದು ಪ್ರೋಟೀನುಗಳ ಕೆಲಸ. ಅವುಗಳಲ್ಲಿ ಲೈಸಿನ್, ಆರ್ಜಿನಿನ್ ಎಂಬ ಧನ ಆವೇಶದ ಅಮೈನೋ ಆಮ್ಲಗಳು ಹೆಚ್ಚು. ಹಲವು ಪ್ರೋಟೀನುಗಳ ದುಂಡನೆಯ ಭಾಗ ರೈಬೋಸೋಮಿನ ಹೊರಮೈಯಲ್ಲಿ ಕೂರುತ್ತದೆ. ಉದ್ದನೆಯ ಬಾಲ ಆರ್‌ಎನ್‌ಎ ಮಡಿಕೆಗಳ ಒಳಕ್ಕೆ ಇಳಿದು ಬಿಗಿಹಿಡಿಯುತ್ತದೆ.

ಮದುವೆ ಚಪ್ಪರವನ್ನು ನೆನೆಯಿರಿ. ಗಳ ಆರ್‌ಎನ್‌ಎ, ಕಟ್ಟುವ ಹಗ್ಗ ಪ್ರೋಟೀನು. ಕಟ್ಟುವುದಕ್ಕೂ ಒಂದು ಕ್ರಮವಿದೆ. ಚಿಕ್ಕ ಭಾಗದಲ್ಲಿ ಎಸ್ 15 ಎಂಬ ಪ್ರೋಟೀನು ಮೊದಲು ಆರ್‌ಎನ್‌ಎಗೆ ಅಂಟಿಕೊಂಡು ಮಡಿಕೆಯನ್ನು ಸರಿಪಡಿಸುತ್ತದೆ. ಆಮೇಲಷ್ಟೇ ಎಸ್ 6, ಎಸ್ 18 ಎಂಬವಕ್ಕೆ ಜಾಗ ಸಿಗುತ್ತದೆ. 1968ರಲ್ಲಿ ಅಮೆರಿಕದಲ್ಲಿ ಟ್ರಾಬ್ ಮತ್ತು ನೊಮುರಾ, ಬಿಡಿಸಿಟ್ಟ ಆರ್‌ಎನ್‌ಎ ಮತ್ತು ಪ್ರೋಟೀನುಗಳನ್ನು ಬೆರೆಸಿದಾಗ ಚಿಕ್ಕ ಭಾಗ ತಾನಾಗಿಯೇ ಮತ್ತೆ ಜೋಡಿಕೊಂಡು ಕೆಲಸ ಮಾಡಿತು.

ಆದರೆ ಚಪ್ಪರದಡಿಯ ಅಡುಗೆ ಹಗ್ಗದ್ದಲ್ಲ. ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆಯುವ ಮುಖ್ಯ ಕೆಲಸ ಆರ್‌ಎನ್‌ಎಯದೇ ಎಂದು 2000ರಲ್ಲಿ ದೊಡ್ಡ ಭಾಗದ ರಚನೆ ತಿಳಿದಾಗ ಗೊತ್ತಾಯಿತು. ಅದೇ ವರ್ಷ ಚಿಕ್ಕ ಭಾಗದ ರಚನೆಯನ್ನು ಬಿಡಿಸಿದವರಲ್ಲಿ ನಮ್ಮ ತಮಿಳುನಾಡಿನ ಚಿದಂಬರದಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಒಬ್ಬರು. ಥಾಮಸ್ ಸ್ಟೈಟ್ಜ್, ಅದಾ ಯೋನತ್ ಅವರೊಂದಿಗೆ 2009ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂತು.

ಇದರಿಂದ ನಮಗೇನು ಎನ್ನಬೇಡಿ. ಕ್ಷಯಕ್ಕೆ ಕೊಡುತ್ತಿದ್ದ ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು ರೋಗಾಣುವಿನ ರೈಬೋಸೋಮಿನ ಚಿಕ್ಕ ಭಾಗಕ್ಕೆ ಅಂಟುತ್ತದೆ. ಅಲ್ಲಿನ ಎಸ್ 12 ಪ್ರೋಟೀನಿನಲ್ಲಿ 43ನೆಯ ಲೈಸಿನ್ ಇದ್ದಲ್ಲಿ ಆರ್ಜಿನಿನ್ ಬಂದರೆ ಸಾಕು, ಮದ್ದು ನಾಟುವುದಿಲ್ಲ.

ಇಷ್ಟನ್ನೂ ಕನ್ನಡದಲ್ಲೇ ಹೇಳಲಾಯಿತಲ್ಲ! ಋಣ ಆವೇಶವನ್ನು ತಮಿಳು ಪುಸ್ತಕ ‘ಎದಿರ್ ಮಿನ್ನೂಟ್ಟಂ’ ಎನ್ನುತ್ತದೆ, ಇಂಗ್ಲಿಷ್ ಪುಸ್ತಕ ‘ನೆಗೆಟಿವ್ ಚಾರ್ಜ್’ ಎನ್ನುತ್ತದೆ. ಏಕೆ ತಳ್ಳುತ್ತದೆ ಎಂದು ಅರ್ಥವಾದ ಮಗುವಿಗೆ ಹೆಸರು ಬದಲಾದರೆ ಭಯವಿಲ್ಲ. ಅರ್ಥವಾಗದ ಮಗುವಿಗೆ ಮೂರೂ ಹೆಸರು ಬರೀ ಬಾಯಿಪಾಠ.

ಪೋಷಕರು ಮಾಡಬೇಕಾದ್ದು ಎರಡೇ. ರಾತ್ರಿ ಊಟದ ಹೊತ್ತಿಗೆ ಆ ದಿನದ ವಿಜ್ಞಾನ ಪಾಠವನ್ನು ಮನೆಮಾತಿನಲ್ಲಿ ಹೇಳಿಸಿ. ನಿಮಗೆ ತಿಳಿಯದಿದ್ದರೆ ‘ಯಾಕೆ?’ ಎಂದಷ್ಟೇ ಕೇಳಿ. ಎಂಟನೆಯ ತರಗತಿಯಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಎಂದು ಮೂರು ಕಾಲಂ ಹಾಕಿಸಿ, ಹೊಸ ಪದಗಳನ್ನು ಬರೆಸಿ. ಪ್ಲಸ್ ಒನ್‌ಗೆ ಹೋಗುವ ದಿನ ಆ ನೋಟ್‌ಬುಕ್ ಮಗುವಿನ ಚೀಲದಲ್ಲಿರಲಿ.