ಓಡಬೇಡ, ನೀರು ಕೇಳು

ಎಂ.ಎಸ್.ಡಬ್ಲ್ಯು ಮುಗಿಸಿ ಎಂಟು ತಿಂಗಳು ಮನೆಯಲ್ಲಿ ಕುಳಿತ ಮೇಲೆ ಸಿಕ್ಕ ಮೊದಲ ಕೆಲಸ ಅದು. ಸಂಶೋಧನಾ ಸಂಸ್ಥೆಯೊಂದರಲ್ಲಿ ಸಮೀಕ್ಷಕಿ. ಹಳ್ಳಿಗಳಿಗೆ ಹೋಗಿ ಐದು ವರ್ಷದೊಳಗಿನ ಮಕ್ಕಳ ತೂಕ, ಎತ್ತರ ಅಳೆಯಬೇಕು. ತಾಯಂದಿರನ್ನು ಪ್ರಶ್ನೆ ಕೇಳಿ ಉತ್ತರಗಳನ್ನು ಟ್ಯಾಬ್‌ನಲ್ಲಿ ತುಂಬಬೇಕು. ದಿನಕ್ಕೆ ಎಂಟು ಮನೆ ಗುರಿ.

ಕೆಲಸಕ್ಕೆ ಹೋಗುವ ಮೊದಲು ನಾಲ್ಕು ದಿನ ತರಬೇತಿ ಇತ್ತು. ಮೂರು ದಿನ ಪ್ರಶ್ನಾವಳಿ, ಕೊನೆಯ ದಿನ ಸುರಕ್ಷತೆ. ನಿವೃತ್ತ ಪೊಲೀಸ್ ಅಧಿಕಾರಿಯೊಬ್ಬರು ಬಂದಿದ್ದರು. ನಮ್ಮಲ್ಲೇ ಹತ್ತು ಜನರನ್ನು ‘ಸಿಟ್ಟಿಗೆದ್ದ ಊರವರು’ ಮಾಡಿ, ಉಳಿದವರನ್ನು ನಡುವೆ ನಿಲ್ಲಿಸಿ ಅಣಕು ಪ್ರದರ್ಶನ ಮಾಡಿಸಿದರು. ನಮಗೆ ನಗುವೋ ನಗು. ಅವರು ಮಾತ್ರ ನಗಲಿಲ್ಲ. ‘ಜನ ಸುತ್ತುವರಿದರೆ ಓಡಬೇಡಿ. ಓಡಿದವನೇ ಕಳ್ಳ ಅಂತಾರೆ. ವಾದ ಮಾಡಬೇಡಿ. ಅಲ್ಲೇ ಕೂತು ಹಿರಿಯರೊಬ್ಬರ ಹತ್ತಿರ ಕುಡಿಯೋಕೆ ನೀರು ಕೇಳಿ’ ಎಂದರು.

ಆಮೇಲೆ 2018ರ ಎರಡು ಘಟನೆ ನೆನಪಿಸಿದರು. ಮಕ್ಕಳ ಕಳ್ಳರ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ವದಂತಿ ಹಬ್ಬಿದ್ದ ಕಾಲ. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಸತ್ತರು. ಅವರ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೆಟ್ ಕೊಟ್ಟಿದ್ದೇ ಅನುಮಾನಕ್ಕೆ ಕಾರಣವಾಗಿತ್ತು. ಹಾಲ್‌ನಲ್ಲಿ ಸದ್ದಿಲ್ಲ. ಆದರೂ ಊಟದ ಹೊತ್ತಿಗೆ ನಾವು ಅದನ್ನು ಮರೆತಿದ್ದೆವು.

ಎರಡು ತಿಂಗಳ ನಂತರ ಕಲಬುರಗಿ ಜಿಲ್ಲೆಯ ಒಂದು ಹಳ್ಳಿ. ನಿಯಮದ ಪ್ರಕಾರ ಮೊದಲು ಪಂಚಾಯಿತಿಗೆ ಹೋಗಿ ಪಿಡಿಒ ಅವರಿಗೆ ಪತ್ರ ತೋರಿಸಬೇಕು, ಅಂಗನವಾಡಿ ಟೀಚರ್ ಅಥವಾ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡೇ ಮನೆಗಳಿಗೆ ಹೋಗಬೇಕು. ಅವತ್ತು ಪಿಡಿಒ ಇರಲಿಲ್ಲ. ಟೀಚರ್ ತಾಲ್ಲೂಕು ಕೇಂದ್ರಕ್ಕೆ ಮೀಟಿಂಗ್‌ಗೆ ಹೋಗಿದ್ದರು. ‘ಐದು ಮನೆ ಬಾಕಿ ಇದೆ, ಮುಗಿಸಿಬಿಡೋಣ’ ಎಂದ ನನ್ನ ಸಹೋದ್ಯೋಗಿ. ನಾನೂ ಹೂಂ ಎಂದೆ.

ಮೂರನೇ ಮನೆಯಲ್ಲಿ ತೂಕದ ಯಂತ್ರ ನೋಡಿ ಮಗು ಜೋರಾಗಿ ಅತ್ತಿತು. ಸಮಾಧಾನ ಮಾಡಲು ಬ್ಯಾಗಿನಿಂದ ಬಿಸ್ಕತ್ತು ತೆಗೆದುಕೊಟ್ಟೆ. ಬೀದಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತರು. ‘ಯಾರ್ರೀ ನೀವು? ಕೂಸುಗಳ ಹೆಸರು ಯಾಕ ಬರ್ಕೊಳ್ಳಾಕತ್ತೀರಿ?’ ಉತ್ತರ ಹೇಳುವಷ್ಟರಲ್ಲಿ ಐದು ಜನ ಇಪ್ಪತ್ತಾಗಿದ್ದರು. ಒಬ್ಬರು ಟ್ಯಾಬ್ ಕಿತ್ತುಕೊಂಡರು. ಐಡಿ ಕಾರ್ಡ್ ತೋರಿಸಿದರೆ ‘ಇಂಥವು ಎಷ್ಟ್ ಬೇಕಾದ್ರೂ ಮಾಡಿಸ್ತಾರ’ ಎಂದರು. ಸಹೋದ್ಯೋಗಿ ಬೈಕಿನತ್ತ ಹೆಜ್ಜೆ ಹಾಕಿದ. ನಾನು ಅವನ ಅಂಗಿ ಹಿಡಿದು ಎಳೆದೆ. ಕೈ ನಡುಗುತ್ತಿತ್ತು. ಕಟ್ಟೆಯ ಮೇಲೆ ಕುಳಿತು, ಬಾಗಿಲಲ್ಲಿದ್ದ ಅಜ್ಜಿಗೆ ‘ಅಮ್ಮಾ, ಸ್ವಲ್ಪ ನೀರು ಕೊಡಿ’ ಎಂದೆ.

ಅಜ್ಜಿ ತಂಬಿಗೆ ತಂದರು. ‘ಕುಡಿಯವ್ವಾ. ಕೂಗಾಡಬ್ಯಾಡ್ರೋ, ಹೆಣ್ಮಗಳು ಐತಿ’ ಎಂದು ಊರವರಿಗೂ ಗದರಿದರು. ಆ ಒಂದು ನಿಮಿಷ ಸಾಕಾಯಿತು. ಅಂಗನವಾಡಿ ಟೀಚರ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಅವರ ದನಿ ಕೇಳಿ ಗುಂಪು ಸ್ವಲ್ಪ ತಣ್ಣಗಾಯಿತು, ಆದರೆ ನಮ್ಮನ್ನು ಬಿಡಲಿಲ್ಲ. ಇತ್ತ ನಾಲ್ಕು ಗಂಟೆಗೆ ನಾವು ಕಳಿಸಬೇಕಿದ್ದ ‘ಸುರಕ್ಷಿತ’ ಎಂಬ ಮೆಸೇಜ್ ಹೋಗಿರಲಿಲ್ಲ. ಕಚೇರಿಯವರು ಎರಡು ಸಲ ಕರೆ ಮಾಡಿ, ಸಿಗದಿದ್ದಾಗ ಠಾಣೆಗೆ ತಿಳಿಸಿದ್ದರು. ಐದರ ಸುಮಾರಿಗೆ ಇಬ್ಬರು ಪೊಲೀಸರು ಬೈಕಿನಲ್ಲಿ ಬಂದರು.

ಆ ರಾತ್ರಿ ಮೇಲ್ವಿಚಾರಕರ ಮುಂದೆ ತಲೆ ತಗ್ಗಿಸಿ ನಿಂತೆವು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಟೀಚರ್ ಇಲ್ಲ ಅಂತ ಗೊತ್ತಾದಾಗ ವಾಪಸ್ ಯಾಕೆ ಬರಲಿಲ್ಲ?’ ಗುರಿ ತಪ್ಪಿದರೆ ಆ ದಿನದ ಭತ್ಯೆ ಕಡಿತ ಆಗುತ್ತೆ ಅಂತ, ಎಂದೆ. ಅವರು ಸುಮ್ಮನಾದರು. ಮರುವಾರ ನಿಯಮ ಬದಲಾಯಿತು. ಸ್ಥಳೀಯರು ಜೊತೆಗಿಲ್ಲದೆ ವಾಪಸ್ ಬಂದರೂ ಅದು ಕೆಲಸ ಮಾಡಿದ ದಿನವೇ.

ಅಂದು ನನಗೆ ಅರ್ಥವಾಗಿದ್ದು ಇಷ್ಟು. ತರಬೇತಿ ನಮ್ಮನ್ನು ಉಳಿಸಿತು, ನಿಜ. ಆದರೆ ಅಪಾಯಕ್ಕೆ ತಳ್ಳಿದ್ದು ಗುರಿ. ‘ಇವತ್ತು ಬೇಡ’ ಎಂದು ಹೇಳುವ ಅಧಿಕಾರವನ್ನು ಕೆಳಹಂತದ ಸಿಬ್ಬಂದಿಗೆ ಕೊಡದ ಸಂಸ್ಥೆಯಲ್ಲಿ ಸುರಕ್ಷತಾ ತರಬೇತಿ ಸಹಿ ಹಾಕುವ ಕಾಗದವಷ್ಟೇ.

ಇದು ಹಳ್ಳಿ ಸುತ್ತುವವರ ಮಾತು ಮಾತ್ರವಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ 2005ರ ಡಿಸೆಂಬರ್ 28ರಂದು ಸಮ್ಮೇಳನಕ್ಕೆ ಬಂದಿದ್ದವರ ಮೇಲೆ ಗುಂಡಿನ ದಾಳಿ ನಡೆದು, ದೆಹಲಿ ಐಐಟಿಯ ನಿವೃತ್ತ ಪ್ರಾಧ್ಯಾಪಕ ಎಂ.ಸಿ. ಪುರಿ ಮೃತಪಟ್ಟರು. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಒಬ್ಬರು ಸಾವನ್ನಪ್ಪಿ, ಮೂವರು ಗಾಯಗೊಂಡರು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿಯಾದಾಗ ಸಿಬ್ಬಂದಿ ದಿನಗಟ್ಟಲೆ ಕೈಬರಹದಲ್ಲೇ ಕೆಲಸ ನಡೆಸಬೇಕಾಯಿತು. ಅಪಾಯ ಗುಂಪಾಗಿ, ಬಂದೂಕಾಗಿ, ಸಿಲಿಂಡರ್ ಆಗಿ, ಒಂದು ಇ–ಮೇಲ್ ಆಗಿಯೂ ಬರಬಹುದು.

ಪ್ರಾಜೆಕ್ಟ್ ಅಸಿಸ್ಟೆಂಟ್, ಫೀಲ್ಡ್ ಇನ್ವೆಸ್ಟಿಗೇಟರ್, ಲ್ಯಾಬ್ ಟೆಕ್ನಿಷಿಯನ್ ಎಂದು ಕೆಲಸಕ್ಕೆ ಸೇರುವ ಗೆಳೆಯರೇ, ಸಂಬಳದ ಜೊತೆಗೆ ಇವನ್ನೂ ಕೇಳಿ. ನಾನು ಇವತ್ತು ಎಲ್ಲಿದ್ದೇನೆ ಎಂಬುದು ಕಚೇರಿಯಲ್ಲಿ ಯಾರಿಗೆ ಗೊತ್ತಿರುತ್ತದೆ? ಕರೆ ಸ್ವೀಕರಿಸದಿದ್ದರೆ ಎಷ್ಟು ಹೊತ್ತಿನಲ್ಲಿ ಹುಡುಕುತ್ತೀರಿ? ರಾತ್ರಿ ಲ್ಯಾಬ್‌ನಲ್ಲಿ ಒಬ್ಬರೇ ಇರಬೇಕಾಗುತ್ತದೆಯೇ? ವಿಮೆ ಇದೆಯೇ? ಅಪಾಯ ಅನ್ನಿಸಿ ಕೆಲಸ ನಿಲ್ಲಿಸಿದರೆ ದುಡ್ಡು ಕಡಿತವೇ? ಸಂದರ್ಶನದಲ್ಲಿ ಕೇಳಲು ಸಂಕೋಚವಾದರೆ, ಸೇರಿದ ಮೊದಲ ದಿನ ಕೇಳಿ. 112 ಎಂಬ ತುರ್ತು ಸಂಖ್ಯೆ ನೆನಪಿರಲಿ.

ಹತ್ತು ದಿನ ಬಿಟ್ಟು ಅದೇ ಹಳ್ಳಿಗೆ ಹೋದೆವು. ಈ ಸಲ ಮೊದಲು ಪಂಚಾಯಿತಿಗೆ, ಆಮೇಲೆ ಟೀಚರ್ ಜೊತೆ ಮನೆಗಳಿಗೆ. ನಮ್ಮ ಟ್ಯಾಬ್ ಕಿತ್ತುಕೊಂಡಿದ್ದವರ ಮನೆಯೂ ಪಟ್ಟಿಯಲ್ಲಿತ್ತು. ಅವರಿಗೆ ಮೂರು ವರ್ಷದ ಮಗಳು. ‘ಸಿಟ್ಟಾಗಬ್ಯಾಡ್ರಿ, ನಮ್ಮ ಕೂಸಿನ ಚಿಂತಿ ನಮಗ’ ಎಂದರು. ತಪ್ಪು ಅವರದಾಗಿರಲಿಲ್ಲ. ಯಾರು, ಏನು ಎಂದು ಹೇಳದೆ ಅವರ ಊರೊಳಗೆ ಕಾಲಿಟ್ಟವರು ನಾವು. ಮಗುವಿನ ತೂಕ ಹನ್ನೊಂದು ಕೆ.ಜಿ. ಬರೆದುಕೊಂಡೆ. ನಾಲ್ಕು ಗಂಟೆಗೆ ಸರಿಯಾಗಿ ಮೆಸೇಜ್ ಕಳಿಸಿದೆ.