ಹಾಯಿದೋಣಿಯ ಉದ್ದ ಎಷ್ಟು?

ಹಾಯಿದೋಣಿಯ ಉದ್ದವನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ಅಳೆಯುತ್ತಾರೆ. ಮೂರರ ಲೆಕ್ಕವೂ ಒಂದೇ ಬರುವುದು ಅಪರೂಪ. ಮೊದಲನೆಯದು ಒಟ್ಟು ಉದ್ದ. ದೋಣಿಯ ಮೂತಿಯಿಂದ ಮುಂದಕ್ಕೆ ಚಾಚಿಕೊಂಡ ಬೌಸ್‌ಪ್ರಿಟ್ ಎಂಬ ದೂಲ, ಲಂಗರು ಇಳಿಸುವ ಉರುಳೆ, ಹಿಂದೆ ತೂಗುವ ಚುಕ್ಕಾಣಿ ಎಲ್ಲವೂ ಇದರಲ್ಲಿ ಸೇರುತ್ತವೆ. ಎರಡನೆಯದು ಒಡಲಿನ ಉದ್ದ. ಕಳಚಿ ತೆಗೆಯಬಹುದಾದ ಭಾಗಗಳನ್ನು ಬಿಟ್ಟು ದೋಣಿಯ ಮೈಯನ್ನಷ್ಟೇ ಇಲ್ಲಿ ಅಳೆಯಲಾಗುತ್ತದೆ. ಮೂರನೆಯದು ನೀರ್ಗೆರೆಯ ಉದ್ದ, ಅಂದರೆ ನಿಂತ ದೋಣಿಯನ್ನು ನೀರು ಮುಟ್ಟುವ ಗೆರೆ ಮುಂದಿನಿಂದ ಹಿಂದಕ್ಕೆ ಎಷ್ಟು ದೂರ ಹಬ್ಬಿದೆ ಎಂಬ ಅಳತೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಬಹಳ ಹೆಸರು ಮಾಡಿದ ವೆಸ್ಟ್‌ಸೇಲ್ 32 ಎಂಬ ದೋಣಿಯ ಡೆಕ್ಕಿನ ಉದ್ದ 32 ಅಡಿ. ಮುಂದಿನ ಹಿಂದಿನ ದೂಲಗಳನ್ನು ಸೇರಿಸಿದರೆ ಅದು ಸುಮಾರು 40 ಅಡಿಯಾಗುತ್ತದೆ. ನೀರ್ಗೆರೆಯಲ್ಲಿ ಅಳೆದರೆ ಸಿಗುವುದು ಇಪ್ಪತ್ತೇಳೂವರೆ ಅಡಿ ಮಾತ್ರ.

ಈ ಮೂರರಲ್ಲಿ ದೋಣಿಯ ನಡೆಯನ್ನು ನಿರ್ಧರಿಸುವುದು ನೀರ್ಗೆರೆ. ದೋಣಿ ನೀರನ್ನು ಸೀಳಿ ಸಾಗುವಾಗ ತನ್ನದೇ ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆಯೂ ಉದ್ದವಾಗುತ್ತದೆ. ಅಲೆಯ ಉದ್ದ ನೀರ್ಗೆರೆಯ ಉದ್ದಕ್ಕೆ ಸಮನಾದಾಗ ದೋಣಿ ಎರಡು ಉಬ್ಬುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಉಬ್ಬನ್ನು ಹತ್ತಿ ದಾಟುವಷ್ಟು ಬಲ ಭಾರವಾದ ದೋಣಿಗೆ ಗಾಳಿಯಿಂದ ಸಾಮಾನ್ಯವಾಗಿ ಸಿಗುವುದಿಲ್ಲ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಮಾದರಿ ಹಡಗುಗಳನ್ನು ತೊಟ್ಟಿಯಲ್ಲಿ ಎಳೆದು ನಡೆಸಿದ ಪ್ರಯೋಗಗಳು ಈ ತಿಳಿವಳಿಕೆಗೆ ಬುನಾದಿ ಹಾಕಿದವು. ನಾವಿಕರು ಬಳಸುವ ಸೂತ್ರ ಸರಳವಾಗಿದೆ: ಅಡಿಗಳಲ್ಲಿರುವ ನೀರ್ಗೆರೆಯ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಗರಿಷ್ಠ ವೇಗದ ಅಂದಾಜು ನಾಟ್‌ಗಳಲ್ಲಿ ಸಿಗುತ್ತದೆ. ನೀರ್ಗೆರೆ 25 ಅಡಿ ಇದ್ದರೆ 6.7 ನಾಟ್, 36 ಅಡಿ ಇದ್ದರೆ ಸುಮಾರು 8 ನಾಟ್. ಮೈಹಗುರ ಇದ್ದು ನೀರಿನ ಮೇಲೆ ಜಾರುವ ದೋಣಿಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ.

ಹಳೆಯ ದೋಣಿ ಮತ್ತು ಹೊಸ ದೋಣಿಗಳನ್ನು ಬರೀ ಹೆಸರಿನ ಅಂಕಿಯಿಂದ ಹೋಲಿಸಬಾರದು ಎನ್ನಲು ಕಾರಣವೂ ಇದೇ. 1970ರ ದಶಕದ ಆರಂಭದಲ್ಲಿ ಬಂದ ಇಂಗ್ಲೆಂಡಿನ ಕಾಂಟೆಸ್ಸಾ 32 ದೋಣಿಯ ಉದ್ದ 9.75 ಮೀಟರ್, ಅದರ ನೀರ್ಗೆರೆ 7.32 ಮೀಟರ್. ಅದರ ಮೂತಿ ಮತ್ತು ಬೆನ್ನು ಎರಡೂ ನೀರಿನ ಮೇಲೆ ಇಳಿಜಾರಾಗಿ ಚಾಚಿವೆ. ಈಗಿನ ಫ್ರೆಂಚ್ ದೋಣಿ ಒಸೆಯಾನಿಸ್ 30.1ರ ಒಡಲು 8.99 ಮೀಟರ್ ಮಾತ್ರ. ಆದರೆ ಅದರ ಮೂತಿ ನೆಟ್ಟಗೆ ನೀರಿಗಿಳಿಯುವುದರಿಂದ ನೀರ್ಗೆರೆ ಎಂಟೂವರೆ ಮೀಟರ್ ದಾಟುತ್ತದೆ. ಹೆಸರಿನಲ್ಲಿ ಚಿಕ್ಕದಾದ ದೋಣಿ ನೀರಿನಲ್ಲಿ ದೊಡ್ಡದು.

ಅಳತೆಯ ನಿಯಮ ದೋಣಿಯ ಆಕಾರವನ್ನೇ ತಿದ್ದಿದ ಕಥೆ ಪಂದ್ಯಗಳ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. 1855ರಲ್ಲಿ ರಾಯಲ್ ಥೇಮ್ಸ್ ಯಾಟ್ ಕ್ಲಬ್ ಜಾರಿಗೆ ತಂದ ಸೂತ್ರ ದೋಣಿಗಳನ್ನು ಟನ್ನುಗಳಲ್ಲಿ ಅಳೆಯಿತು. ಅದರಲ್ಲಿ ಅಗಲಕ್ಕೆ ಭಾರೀ ದಂಡ, ಆಳಕ್ಕೆ ಲೆಕ್ಕವೇ ಇಲ್ಲ. ಹೀಗಾಗಿ ಬ್ರಿಟಿಷ್ ವಿನ್ಯಾಸಕಾರರು ಅಗಲವನ್ನು ಕಡಿಮೆ ಮಾಡುತ್ತಾ, ಆಳವನ್ನು ಹೆಚ್ಚಿಸುತ್ತಾ ಹೋದರು. ಕೊನೆಗೆ ಅಂಚಿನ ಮೇಲೆ ನಿಲ್ಲಿಸಿದ ಹಲಗೆಯಂಥ ದೋಣಿಗಳು ಹುಟ್ಟಿದವು.

ಅಮೆರಿಕದಲ್ಲಿ ದಂಡ ಬಿದ್ದದ್ದು ನೀರ್ಗೆರೆ ಮತ್ತು ಹಾಯಿಯ ವಿಸ್ತೀರ್ಣಕ್ಕೆ. ನಿಂತ ದೋಣಿಯ ನೀರ್ಗೆರೆಯನ್ನಷ್ಟೇ ಅಳೆಯುವುದಾದರೆ, ನೀರಿನ ಮೇಲೆ ಎಷ್ಟು ಉದ್ದ ಚಾಚಿದರೂ ಕೇಳುವವರಿಲ್ಲ. ಗಾಳಿಗೆ ದೋಣಿ ವಾಲಿದಾಗ ಆ ಚಾಚು ನೀರಿಗಿಳಿದು ನೀರ್ಗೆರೆ ತಾನಾಗಿ ಉದ್ದವಾಗುತ್ತದೆ, ವೇಗವೂ ಏರುತ್ತದೆ. 1903ರ ಅಮೆರಿಕಾಸ್ ಕಪ್ ಪಂದ್ಯ ಗೆದ್ದ ರಿಲಯನ್ಸ್ ಎಂಬ ದೋಣಿ ಈ ಜಾಣತನದ ತುತ್ತತುದಿ. ಅಂದು ಅನುಮತಿಯಿದ್ದ ನೀರ್ಗೆರೆ 90 ಅಡಿ. ರಿಲಯನ್ಸ್ ಅದಕ್ಕಿಂತ ಕೂದಲೆಳೆಯಷ್ಟು ಒಳಗಿತ್ತು, ಆದರೆ ಅದರ ಒಡಲಿನ ಉದ್ದ ಸುಮಾರು 144 ಅಡಿ. 16,000 ಚದರಡಿಗೂ ಮೀರಿದ ಹಾಯಿ ಹೊತ್ತ ಆ ದೋಣಿ ಗೆಲ್ಲಲೆಂದೇ ಕಟ್ಟಿದ್ದು. ಕಡಲಯಾನಕ್ಕೆ ಅದು ತಕ್ಕುದಾಗಿರಲಿಲ್ಲ. ಅದನ್ನು ರೂಪಿಸಿದ ನಥಾನಿಯಲ್ ಹೆರೆಶಾಫ್ ಅವರೇ ಇಂಥ ಅತಿಗಳಿಗೆ ಕಡಿವಾಣ ಹಾಕುವ ಯೂನಿವರ್ಸಲ್ ರೂಲ್ ಎಂಬ ಹೊಸ ಸೂತ್ರವನ್ನೂ ರಚಿಸಿದರು.

ಯುರೋಪಿನ ದೇಶಗಳು 1907ರಲ್ಲಿ ತಮ್ಮದೇ ಅಂತರರಾಷ್ಟ್ರೀಯ ನಿಯಮವನ್ನು ಒಪ್ಪಿಕೊಂಡವು. ಇದರಿಂದ ಬಂದ 6 ಮೀಟರ್, 8 ಮೀಟರ್, 12 ಮೀಟರ್ ವರ್ಗಗಳು ಇಂದಿಗೂ ಹೊಸಬರನ್ನು ಗೊಂದಲಕ್ಕೆ ತಳ್ಳುತ್ತವೆ. 1958ರಿಂದ 1987ರವರೆಗೆ ಅಮೆರಿಕಾಸ್ ಕಪ್ ನಡೆದದ್ದು 12 ಮೀಟರ್ ವರ್ಗದಲ್ಲಿ. ಆ ದೋಣಿಗಳ ನಿಜವಾದ ಉದ್ದ 20 ಮೀಟರಿನ ಆಸುಪಾಸು. ಉದ್ದ, ಮೈಸುತ್ತಳತೆ, ಹಾಯಿಯ ವಿಸ್ತೀರ್ಣದ ವರ್ಗಮೂಲ, ನೀರಿನ ಮೇಲಿನ ಎತ್ತರ ಇವನ್ನೆಲ್ಲ ಕೂಡಿ ಕಳೆದು ಭಾಗಿಸಿದಾಗ ಬರುವ ಉತ್ತರವೇ 12. ಸ್ವೀಡನ್ನಿನವರು ಇನ್ನೊಂದು ದಾರಿ ಹಿಡಿದು, 1908ರ ತಮ್ಮ ನಿಯಮದಲ್ಲಿ ದೋಣಿಯನ್ನು ಹಾಯಿಯ ಚದರ ಮೀಟರಿನಿಂದಲೇ ಕರೆದರು. ಅಲ್ಲಿನ 22 ಮತ್ತು 30 ಚದರ ಮೀಟರಿನ ನೀಳ, ಸಪೂರ ದೋಣಿಗಳು ಈಗಲೂ ಬಾಲ್ಟಿಕ್ ಕಡಲಿನಲ್ಲಿ ಓಡಾಡುತ್ತವೆ.

ಇಂದು ಸರಕಾರಗಳ ಮಟ್ಟದಲ್ಲಿ ಒಡಲಿನ ಉದ್ದಕ್ಕೇ ಹೆಚ್ಚು ಬೆಲೆ. ಐಎಸ್ಒ 8666 ಎಂಬ ಮಾನದಂಡದ ಪ್ರಕಾರ, ಒಡಲನ್ನು ಒಡೆಯದೆ ಕಳಚಬಹುದಾದ ಬೌಸ್‌ಪ್ರಿಟ್, ಕಟಾಂಜನ, ಚುಕ್ಕಾಣಿ ಮುಂತಾದವು ಲೆಕ್ಕಕ್ಕಿಲ್ಲ. ಅವನ್ನೂ ಸೇರಿಸಿದ ಗರಿಷ್ಠ ಉದ್ದವನ್ನು ಪ್ರತ್ಯೇಕವಾಗಿ ದಾಖಲಿಸಬೇಕು. ಐರೋಪ್ಯ ಒಕ್ಕೂಟದ ವಿಹಾರದೋಣಿ ಕಾನೂನು ಎರಡೂವರೆ ಮೀಟರಿನಿಂದ 24 ಮೀಟರ್‌ವರೆಗಿನ ಒಡಲುಗಳಿಗೆ ಅನ್ವಯಿಸುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ ಕೂಡ ಬೌಸ್‌ಪ್ರಿಟ್, ಚುಕ್ಕಾಣಿ, ಹೊರಎಂಜಿನ್ನಿನ ಚೌಕಟ್ಟು ಇವನ್ನು ಬಿಟ್ಟೇ ಅಳೆಯುತ್ತದೆ. ಅಲ್ಲಿ ವರ್ಗಗಳು ಅಡಿಗಳಲ್ಲಿವೆ: 16, 26, 40, 65.

ಇಂಥ ಗಡಿಗಳ ಪರಿಣಾಮ ಕಾರ್ಖಾನೆಯವರೆಗೂ ಮುಟ್ಟುತ್ತದೆ. ಇಟಲಿಯಲ್ಲಿ ಒಡಲು 10 ಮೀಟರ್ ಮೀರದ ದೋಣಿಗೆ ನೋಂದಣಿ ಕಡ್ಡಾಯವಲ್ಲ. ಫ್ರಾನ್ಸಿನಲ್ಲಿ ವಾರ್ಷಿಕ ತೆರಿಗೆಯ ಪ್ರಶ್ನೆ ಏಳುವುದು ಒಡಲು 7 ಮೀಟರ್ ಮುಟ್ಟಿದ ಮೇಲೆ. ಆದ್ದರಿಂದ ಫ್ರಾನ್ಸಿನ ಜಾನೋ ಕಂಪನಿಯ ಸನ್ ಒಡಿಸ್ಸಿ 349ರ ಒಡಲು 9.97 ಮೀಟರ್ ಇರುವುದು ಆಕಸ್ಮಿಕವೆಂದು ತೋರುವುದಿಲ್ಲ. ಅದೇ ಕಂಪನಿಯ 410, ಬೆನೆಟೋ ಕಂಪನಿಯ ಒಸೆಯಾನಿಸ್ 40.1 ಎರಡರ ಒಡಲೂ 11.99 ಮೀಟರ್. ಮಾರಾಟದ ಹೆಸರು ದೊಡ್ಡದಾಗಿ ಕೇಳಿಸಬೇಕು, ಕಾಗದದ ಮೇಲಿನ ಅಂಕಿ ಚಿಕ್ಕದಾಗಿರಬೇಕು.

ಮೀಟರಿನ ತವರಾದ ಫ್ರಾನ್ಸಿನಲ್ಲೂ ಮಾರಾಟದ ಹೆಸರುಗಳು ಅಡಿಯಲ್ಲೇ ಇರುತ್ತವೆ. ದೊಡ್ಡ ಮಾರುಕಟ್ಟೆಗಳಾದ ಅಮೆರಿಕ, ಬ್ರಿಟನ್ನುಗಳ ಗ್ರಾಹಕರಿಗೆ 40 ಎಂದರೆ ತಕ್ಷಣ ಅರ್ಥವಾಗುತ್ತದೆ, 12.19 ಮೀಟರ್ ಎಂದರೆ ಆಗದು. ಆದರೆ ಆ ಅಡಿಯೂ ನಿಖರವಲ್ಲ. ಬೆನೆಟೋದ ಫಸ್ಟ್ 40.7ರ ನಿಜವಾದ ಉದ್ದ 12 ಮೀಟರಿಗಿಂತ ತುಸು ಕಡಿಮೆ, ಅಂದರೆ 39 ಅಡಿ ಚಿಲ್ಲರೆ. ಚುಕ್ಕೆಯ ನಂತರದ 7 ಉದ್ದದ ಭಿನ್ನಾಂಕವಲ್ಲ, ಆ ಸರಣಿಯ ಗುರುತು. ಅಮೆರಿಕದ ಜೆ ಬೋಟ್ಸ್ ತನ್ನ ಜೆ 24ಕ್ಕೆ ಅಡಿಯ ಅಂಕಿ ಕೊಟ್ಟಿತು. ಮುಂದೆ ಜೆ 80, ಜೆ 105 ಎಂಬ ಹೆಸರುಗಳನ್ನಿಟ್ಟಾಗ ಅವು 8 ಮೀಟರ್, ಹತ್ತೂವರೆ ಮೀಟರನ್ನು ಹತ್ತರಿಂದ ಗುಣಿಸಿದ ಅಂಕಿಗಳಾಗಿದ್ದವು. ಒಲಿಂಪಿಕ್ಸ್‌ನಲ್ಲಿ ಕಾಣುವ 470 ಎಂಬ ದೋಣಿಯ ಹೆಸರು ಮಾತ್ರ ಪ್ರಾಮಾಣಿಕ: ಅದರ ಉದ್ದ 470 ಸೆಂಟಿಮೀಟರ್.

ಹಣ ಕಟ್ಟುವ ಹೊತ್ತಿಗೆ ಮತ್ತೆ ಒಟ್ಟು ಉದ್ದ ಮುಂದೆ ಬರುತ್ತದೆ. ದೋಣಿ ನಿಲ್ಲಿಸುವ ಮರೀನಾಗಳು ಬ್ರಿಟನ್ನಿನಲ್ಲಿ ಮೀಟರಿಗೆ ಇಷ್ಟು, ಅಮೆರಿಕದಲ್ಲಿ ಅಡಿಗೆ ಇಷ್ಟು ಎಂದು ಬಾಡಿಗೆ ಹಾಕುತ್ತವೆ. ಬೌಸ್‌ಪ್ರಿಟ್ ಮತ್ತು ಹಿಂದೆ ತೂಗುಹಾಕಿದ ಪುಟ್ಟ ದೋಣಿ ಹಿಡಿಯುವ ಜಾಗಕ್ಕೂ ಹಣ ತೆರಬೇಕಾಗುವುದುಂಟು. ಮೆಡಿಟರೇನಿಯನ್ ಕರಾವಳಿಯ ಹಲವು ಬಂದರುಗಳಲ್ಲಿ ಉದ್ದವನ್ನು ಅಗಲದಿಂದ ಗುಣಿಸಿ ಬಾಡಿಗೆ ಹಾಕುವುದರಿಂದ ಅಗಲವಾದ ಜೋಡಿ ಒಡಲಿನ ದೋಣಿಗೆ ಹೆಚ್ಚು ತಗಲುತ್ತದೆ.

ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಾವಳಿ ಉದ್ದ ಎಂದರೆ ಒಟ್ಟು ಉದ್ದ ಎಂದೇ ವ್ಯಾಖ್ಯಾನಿಸಿದೆ. ಭಾರತವೂ ಇದನ್ನು ಪಾಲಿಸುತ್ತದೆ. ಗೋವಾದಲ್ಲಿ ಕಟ್ಟಿದ, ದಿಲೀಪ್ ದೋಂದೆ ಮತ್ತು ಅಭಿಲಾಷ್ ಟಾಮಿ ಒಬ್ಬೊಬ್ಬರಾಗಿ ಭೂಪ್ರದಕ್ಷಿಣೆ ಮಾಡಿದ 56 ಅಡಿಯ ನೌಕಾಪಡೆಯ ಹಾಯಿದೋಣಿ ಮಾದೇಯಿಗೂ ಇದೇ ಕಟ್ಟಳೆ. 20 ಮೀಟರಿಗಿಂತ ಚಿಕ್ಕದಾದ ಹಾಯಿದೋಣಿ ತನ್ನ ಕೆಂಪು, ಹಸಿರು, ಬಿಳಿ ದೀಪಗಳನ್ನು ಕೂವೆಮರದ ತುದಿಯ ಒಂದೇ ಲಾಂದ್ರದಲ್ಲಿ ಉರಿಸಬಹುದು. 12 ಮೀಟರಾದರೆ ಸಿಳ್ಳೆ ಕಡ್ಡಾಯ, 20 ಮೀಟರಾದರೆ ಜೊತೆಗೆ ಗಂಟೆಯೂ ಬೇಕು. 7 ಮೀಟರಿಗಿಂತ ಕಡಿಮೆಯಿದ್ದು ದೀಪ ಹಾಕಲು ಅನುಕೂಲವಿಲ್ಲದಿದ್ದರೆ, ಡಿಕ್ಕಿ ತಪ್ಪಿಸಲು ಸಮಯಕ್ಕೆ ಸರಿಯಾಗಿ ತೋರಿಸುವಂತೆ ಬಿಳಿ ಬೆಳಕಿನ ಒಂದು ಟಾರ್ಚ್ ಕೈಗೆ ಸಿಗುವಂತಿದ್ದರೆ ಸಾಕು.